ನೆಟ್ ಎಲ್ಲಿ ನಿಂತಿದೆ? ಕಾಲೇಜಿನಲ್ಲಿ ನೆಟ್‌ವರ್ಕಿಂಗ್ ಕಲಿಯುವವರಿಗೆ

ನೆಟ್‌ವರ್ಕ್‌ನ ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ತೋರಿಸುವ ಓಎಸ್‌ಐ ಮಾದರಿಯ ಏಳು ಲೇಯರ್‌ಗಳ ಹೆಸರು ಕೇಳಿದರೆ ನಮ್ಮ ಹುಡುಗರು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಫಿಸಿಕಲ್‌ನಿಂದ ಅಪ್ಲಿಕೇಶನ್‌ವರೆಗೆ ಒಂದೇ ಉಸಿರು. ಅದೇ ಹುಡುಗನ ಹತ್ತಿರ "ನಿನ್ನ ಲ್ಯಾಪ್‌ಟಾಪ್‌ನ ಗೇಟ್‌ವೇ ಯಾವುದು?" ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾನೆ. ಕೊಡಗಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ನನ್ನ ಕೆಲಸ. ಪ್ರತಿ ಹೊಸ ಬ್ಯಾಚ್‌ನಲ್ಲೂ ಇದನ್ನು ನೋಡುತ್ತೇನೆ. ರಜೆ ಬಂದರೆ ಹೋಂಸ್ಟೇಗಳಿಗೆ, ತೋಟದ ಮನೆಗಳಿಗೆ ವೈಫೈ ಹಾಕಿಕೊಡಲು ಹೋಗುತ್ತೇನೆ. ಅಲ್ಲಿ ಯಾರೂ ಲೇಯರ್ ಕೇಳುವುದಿಲ್ಲ. "ನೆಟ್ ಬರ್ತಾ ಇಲ್ಲ, ಸ್ವಲ್ಪ ನೋಡಿ ಮೇಡಂ" ಅನ್ನುತ್ತಾರೆ, ಅಷ್ಟೇ.

ಆ "ಬರ್ತಾ ಇಲ್ಲ" ಎನ್ನುವುದು ಎಲ್ಲಿ ನಿಂತಿದೆ ಅಂತ ಬೆರಳಿಟ್ಟು ತೋರಿಸಲು ಬಂದರೆ ನಿಮಗೆ ಬೇಸಿಕ್ಸ್ ಬಂತು ಅಂತಲೇ ಲೆಕ್ಕ. ಹಾಗಾಗಿ ಆ ಕಡೆಯಿಂದಲೇ ಕಲಿಯಿರಿ. ಬೇಕಾಗುವುದು ಒಂದು ಲ್ಯಾಪ್‌ಟಾಪ್, ಒಂದು ಫೋನ್, ಮನೆಯಲ್ಲೋ ಹಾಸ್ಟೆಲಿನಲ್ಲೋ ಇರುವ ರೂಟರ್. ಲ್ಯಾಪ್‌ಟಾಪ್ ಹಳೆಯದಾದರೂ ನಡೆಯುತ್ತದೆ. ಕಮಾಂಡ್‌ಗಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಮೊದಲು ನಿಮ್ಮ ಅಡ್ರೆಸ್ ಓದಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ಐಪಿಕಾನ್‌ಫಿಗ್ ಸ್ಲ್ಯಾಷ್ ಆಲ್" ಹೊಡೆಯಿರಿ. ಉದ್ದದ ಪಟ್ಟಿ ಬರುತ್ತದೆ. ಹೆದರಬೇಡಿ. ಐದು ಸಾಲು ಸಾಕು: ಫಿಸಿಕಲ್ ಅಡ್ರೆಸ್ (ಇದೇ ಮ್ಯಾಕ್ ಅಡ್ರೆಸ್), ಐಪಿವಿ4 ಅಡ್ರೆಸ್, ಸಬ್‌ನೆಟ್ ಮಾಸ್ಕ್ (ಅಡ್ರೆಸ್‌ನಲ್ಲಿ ನೆಟ್‌ವರ್ಕ್‌ನ ಪಾಲು ಎಷ್ಟು ಅಂತ ಹೇಳುವುದು), ಡಿಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಮನೆಯಲ್ಲಾದರೆ ರೂಟರ್), ಡಿಎನ್‌ಎಸ್ ಸರ್ವರ್ (ಸೈಟ್‌ನ ಹೆಸರಿಗೆ ಐಪಿ ನಂಬರ್ ಹುಡುಕಿಕೊಡುವುದು). ಇವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಕೊಂಡು ಮತ್ತೆ ಬರೆಯಿರಿ. ಕಾಲೇಜು ಲ್ಯಾಬ್‌ನಲ್ಲಿ ಇನ್ನೊಮ್ಮೆ. ಮೂರನ್ನೂ ಪಕ್ಕಪಕ್ಕ ಇಟ್ಟು ಯಾವುದು ಬದಲಾಯಿತು, ಯಾವುದು ಹಾಗೇ ಉಳಿಯಿತು ನೋಡಿ.

ಮನೆಯಲ್ಲಿ ಹೆಚ್ಚಾಗಿ 192.168 ಅಂತ ಶುರುವಾಗುವ ನಂಬರ್ ಇರುತ್ತದೆ. ಐಫೋನ್ ಹಾಟ್‌ಸ್ಪಾಟ್ ಆದರೆ 172.20.10. ದೊಡ್ಡ ಕ್ಯಾಂಪಸ್‌ನಲ್ಲಿ 10ರಿಂದ ಶುರುವಾಗುವುದು ಜಾಸ್ತಿ. ಮೂರೂ ಪ್ರೈವೇಟ್ ಅಡ್ರೆಸ್‌ಗಳೇ. 10.0.0.0ದಿಂದ 10.255.255.255, 172.16.0.0ದಿಂದ 172.31.255.255, 192.168.0.0ದಿಂದ 192.168.255.255, ಈ ಮೂರು ಸಾಲುಗಳನ್ನು ಯಾರು ಬೇಕಾದರೂ ಒಳಗೊಳಗೇ ಬಳಸಬಹುದು. ಐಪಿವಿ4 ಅಡ್ರೆಸ್ ಎಂದರೆ 32 ಬಿಟ್. ಒಟ್ಟು ಸುಮಾರು 430 ಕೋಟಿ ಅಡ್ರೆಸ್. ಈ ಪ್ರೋಟೊಕಾಲ್ 1981ರಲ್ಲಿ ಬರೆದಿಟ್ಟದ್ದು. ಮನೆಗೆ ಹತ್ತು ಡಿವೈಸ್ ಬರುತ್ತದೆ ಅಂತ ಆಗ ಯಾರು ಅಂದುಕೊಂಡಿದ್ದರು? ಅದಕ್ಕೇ ಒಂದು ಪಬ್ಲಿಕ್ ಅಡ್ರೆಸ್‌ನ ಹಿಂದೆ ಮನೆ ಮಂದಿಯೆಲ್ಲ ಅಡಗುವ ನ್ಯಾಟ್ ಬಂತು.

ಇದು ಸುಮ್ನೆ ಪರೀಕ್ಷೆಗೆ ಓದುವ ವಿಷಯವಲ್ಲ. ತೋಟದ ಮನೆಯಲ್ಲಿ ಅಪ್ಪ ಅಮ್ಮ, ಬೆಂಗಳೂರಿನಲ್ಲಿ ಮಗ. ಕಣದಲ್ಲಿ ಒಣಗಿಸಿದ ಕಾಫಿ ಕಾಯಲು ಸಿಸಿಟಿವಿ ಹಾಕಿಸುತ್ತಾರೆ. ಬೆಂಗಳೂರಿನಿಂದ ನೋಡೋಣ ಅಂತ ಮಗ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತಾನೆ, ಅಂದರೆ ಹೊರಗಿನಿಂದ ಬರುವ ಕನೆಕ್ಷನ್ ಅನ್ನು ಒಳಗಿನ ಕ್ಯಾಮೆರಾಗೆ ತಿರುಗಿಸುತ್ತಾನೆ. ಆಗುವುದೇ ಇಲ್ಲ. ಎಲ್ಲ ಸೆಟ್ಟಿಂಗ್ ಸರಿ ಇದೆ, ಆದರೂ ಇಲ್ಲ. ಇಂಥ ಮನೆಗೆ ಹೋದರೆ ನಾನು ಮೊದಲು ನೋಡುವುದು ರೂಟರ್‌ನ ಸ್ಟೇಟಸ್ ಪೇಜ್‌ನಲ್ಲಿರುವ ವ್ಯಾನ್ ಅಡ್ರೆಸ್, ಅಂದರೆ ರೂಟರ್‌ನ ಹೊರಗಿನ ಕಡೆಯ ಅಡ್ರೆಸ್. ಅದು 100.64ರಿಂದ 100.127ರ ನಡುವೆ ಇದ್ದರೆ ಇಂಟರ್‌ನೆಟ್ ಕೊಡುವವರೇ ಅವರ ಕಡೆ ಇನ್ನೊಂದು ನ್ಯಾಟ್ ಇಟ್ಟಿದ್ದಾರೆ ಎಂದರ್ಥ. ಕ್ಯಾರಿಯರ್ ಗ್ರೇಡ್ ನ್ಯಾಟ್ ಅನ್ನುತ್ತಾರೆ. ಹೊರಗಿನಿಂದ ಬರುವ ಕನೆಕ್ಷನ್ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಸ್ಟ್ಯಾಟಿಕ್ ಐಪಿ ಕೇಳಿ ಹಾಕಿಸಿಕೊಳ್ಳಬೇಕು, ಇಲ್ಲವೇ ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸಬೇಕು. ನಿಮ್ಮ ಮನೆಯ ರೂಟರ್‌ನಲ್ಲಿ ಈ ನಂಬರ್ ಏನಿದೆ ಅಂತ ಇವತ್ತೇ ನೋಡಿ.

ಲ್ಯಾಪ್‌ಟಾಪ್‌ನ ಅಡ್ರೆಸ್ 169.254ರಿಂದ ಶುರುವಾಗಿದ್ದರೆ ಮಾತ್ರ ಎಚ್ಚರ. ಅದನ್ನು ರೂಟರ್ ಕೊಟ್ಟಿಲ್ಲ. "ಯಾರಾದರೂ ಅಡ್ರೆಸ್ ಕೊಡಿ" ಅಂತ ಲ್ಯಾಪ್‌ಟಾಪ್ ಕೂಗಿ ಕೂಗಿ, ಉತ್ತರ ಬಾರದೆ ತಾನೇ ಒಂದನ್ನು ಇಟ್ಟುಕೊಂಡಿದೆ. ಅಡ್ರೆಸ್ ಹಂಚುವ ಕೆಲಸ ಡಿಎಚ್‌ಸಿಪಿಯದ್ದು, ಆ ಕಡೆ ಹುಡುಕಿ.

ಮ್ಯಾಕ್ ಯಾಕೆ, ಐಪಿ ಯಾಕೆ?

ಎರಡೆರಡು ಅಡ್ರೆಸ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮ್ಯಾಕ್ ಅಡ್ರೆಸ್ ಪಕ್ಕದ ಡಿವೈಸ್‌ಗೆ ಮುಟ್ಟಿಸಲು, ಐಪಿ ಅಡ್ರೆಸ್ ಕೊನೆಯ ಡಿವೈಸ್‌ಗೆ ಮುಟ್ಟಿಸಲು. ನಿಮ್ಮ ಲ್ಯಾಪ್‌ಟಾಪ್‌ನಿಂದ ಹೊರಟ ಪ್ಯಾಕೆಟ್‌ನಲ್ಲಿ ಗಮ್ಯದ ಐಪಿ ದೂರದ ಸರ್ವರ್‌ನದ್ದು, ಗಮ್ಯದ ಮ್ಯಾಕ್ ಮಾತ್ರ ನಿಮ್ಮ ರೂಟರ್‌ನದ್ದು. ಮ್ಯಾಕ್ ಬರೆದಿರುವ ಹೊರಗಿನ ಕಟ್ಟಿಗೆ ಫ್ರೇಮ್ ಅನ್ನುತ್ತಾರೆ. ರೂಟರ್ ಆ ಫ್ರೇಮ್ ಬಿಚ್ಚಿ, ಮುಂದಿನ ಹಾಪ್‌ಗೆ, ಅಂದರೆ ದಾರಿಯ ಮುಂದಿನ ರೂಟರ್‌ಗೆ, ಹೊಸ ಫ್ರೇಮ್ ಕಟ್ಟುತ್ತದೆ. ಹೀಗೆ ಪ್ರತಿ ಹಾಪ್‌ನಲ್ಲೂ ಹೊರಗಿನ ಕಟ್ಟು ಬದಲಾಗುತ್ತದೆ, ಗಮ್ಯದ ಐಪಿ ಹಾಗೇ ಇರುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾ? "ಎಆರ್‌ಪಿ" ಟೈಪ್ ಮಾಡಿ, ಸ್ಪೇಸ್ ಬಿಟ್ಟು ಹೈಫನ್ ಎ ಹಾಕಿ. ನಿಮ್ಮ ಲ್ಯಾಪ್‌ಟಾಪ್‌ಗೆ ಯಾರ್‍ಯಾರ ಮ್ಯಾಕ್ ಗೊತ್ತಿದೆ ಅಂತ ಪಟ್ಟಿ ಬರುತ್ತದೆ. ನೀವು ಆಗಷ್ಟೇ ಹತ್ತಾರು ವೆಬ್‌ಸೈಟ್ ನೋಡಿರುತ್ತೀರಿ. ಅವುಗಳಲ್ಲಿ ಒಂದರ ಮ್ಯಾಕ್ ಕೂಡ ಅಲ್ಲಿರುವುದಿಲ್ಲ. ಗೇಟ್‌ವೇಯದ್ದು ಇರುತ್ತದೆ, ಪಕ್ಕದ ಡಿವೈಸ್‌ಗಳದ್ದು ಇರಬಹುದು. ಯಾಕೆ ಅಂತ ನೀವೇ ಒಂದು ಸಾಲಿನಲ್ಲಿ ಬರೆಯಿರಿ. ಬರೆಯಲು ಬಂದರೆ ಮ್ಯಾಕ್ ಇರುವ ಎರಡನೇ ಲೇಯರ್, ಐಪಿ ಇರುವ ಮೂರನೇ ಲೇಯರ್ ಎರಡೂ ಅರ್ಥವಾಗಿದೆ.

ಅಂದ ಹಾಗೆ, ಮ್ಯಾಕ್ ಎಂದರೆ ಬದಲಾಗದ ನಂಬರ್ ಅಂತ ಹಳೆಯ ನೋಟ್ಸ್‌ಗಳಲ್ಲಿ ಇರುತ್ತದೆ. ಈಗಿನ ಫೋನ್‌ಗಳು ವೈಫೈಗೆ ಸೇರುವಾಗ ಸುಳ್ಳು ಮ್ಯಾಕ್ ತೋರಿಸುತ್ತವೆ. ಗುರುತು ಹಿಡಿಯುವುದು ಸುಲಭ. ಮೊದಲ ಗುಂಪಿನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ಮ್ಯಾಕ್ ಅಲ್ಲ.

ಸಬ್‌ನೆಟ್ಟಿಂಗ್: ಇಲ್ಲಿ ಸ್ವಲ್ಪ ಕೂತು ಲೆಕ್ಕ ಮಾಡಿ

ಸಬ್‌ನೆಟ್ಟಿಂಗ್ ಎಂದರೆ ಒಂದು ನೆಟ್‌ವರ್ಕ್ ಅನ್ನು ಸಣ್ಣ ಸಣ್ಣ ಪಾಲು ಮಾಡುವುದು. ಜಾಸ್ತಿ ಜನ ಕೈಬಿಡುವುದು ಇಲ್ಲೇ. ಕ್ಲಾಸ್ ಎ, ಬಿ, ಸಿ ಅಂತ ಬಾಯಿಪಾಠ ಮಾಡುವುದನ್ನು ಪಕ್ಕಕ್ಕಿಡಿ. ಒಂದು ಕೆಲಸ ಹಿಡಿದುಕೊಳ್ಳಿ. ನಾಪೋಕ್ಲು ಕಡೆ ಒಂದು ರೆಸಾರ್ಟ್ ಇದೆ ಅಂತ ಇಟ್ಟುಕೊಳ್ಳೋಣ. ಅತಿಥಿಗಳ ವೈಫೈ, ಆಫೀಸಿನ ಕಂಪ್ಯೂಟರ್, ಸಿಸಿಟಿವಿ, ಮೂರೂ ಬೇರೆ ಬೇರೆ ಇರಬೇಕು. ರೂಮಿಗೆ ಬಂದವರ ಫೋನಿಗೆ ಕ್ಯಾಮೆರಾ ಕಾಣಿಸಬಾರದು, ಅಲ್ವಾ? ಕೈಯಲ್ಲಿರುವುದು 192.168.10.0/24. /24 ಎಂದರೆ 32 ಬಿಟ್‌ನಲ್ಲಿ ಮೊದಲ 24 ನೆಟ್‌ವರ್ಕ್‌ಗೆ, ಉಳಿದ 8 ಡಿವೈಸ್‌ಗಳಿಗೆ. ಅಂದರೆ 0ಯಿಂದ 255ರವರೆಗೆ 256 ಅಡ್ರೆಸ್.

ಮೊದಲು ಸಮನಾಗಿ ನಾಲ್ಕು ಪಾಲು ಮಾಡಿ. ಎರಡು ಬಿಟ್ ಹೆಚ್ಚು ತೆಗೆದುಕೊಂಡರೆ /26. ಮಾಸ್ಕ್ 255.255.255.192. ಪಾಲಿನ ಗಾತ್ರ ಗೊತ್ತಾಗಬೇಕಾದರೆ 256ರಿಂದ 192 ಕಳೆಯಿರಿ, 64. ಹಾಗಾದರೆ ಪಾಲುಗಳು 0–63, 64–127, 128–191, 192–255. ಪ್ರತಿ ಪಾಲಿನ ಮೊದಲ ನಂಬರ್ ನೆಟ್‌ವರ್ಕ್‌ಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ. ಬಳಸಲು ಸಿಗುವುದು 62. ಈಗ 192.168.10.100 ಯಾವ ಪಾಲಿನಲ್ಲಿದೆ? 64–127ರಲ್ಲಿ. ನೆಟ್‌ವರ್ಕ್ 64, ಬ್ರಾಡ್‌ಕಾಸ್ಟ್ 127. ಇಷ್ಟೇ.

ಆದರೆ ನಿಜವಾದ ಜಾಗದಲ್ಲಿ ಸಮಪಾಲು ಹೊಂದುವುದಿಲ್ಲ. ಡಿಸೆಂಬರ್ ಸೀಸನ್‌ನಲ್ಲಿ ಅತಿಥಿಗಳ ಫೋನ್, ಲ್ಯಾಪ್‌ಟಾಪ್ ಸೇರಿ 100 ಆಗಬಹುದು. ಆಫೀಸಿಗೆ 40, ಕ್ಯಾಮೆರಾಗೆ 20. ಆಗ ದೊಡ್ಡದನ್ನು ಮೊದಲು ಕೊಡಿ. ಅತಿಥಿಗಳಿಗೆ /25, ಅಂದರೆ 0–127, ಬಳಸಲು 126. ಉಳಿದ ಅರ್ಧದಲ್ಲಿ ಆಫೀಸಿಗೆ /26, 128–191. ಕ್ಯಾಮೆರಾಗೆ /27, 192–223, ಬಳಸಲು 30. 224ರಿಂದ ಮುಂದೆ 32 ನಂಬರ್ ಇನ್ನೂ ಖಾಲಿ. ಇದಕ್ಕೇ ವಿಎಲ್‌ಎಸ್‌ಎಂ ಅಂತ ಹೆಸರು. ಸಣ್ಣದನ್ನು ಮೊದಲು ಕೊಟ್ಟರೆ ಏನಾಗುತ್ತದೆ? ಕ್ಯಾಮೆರಾಗೆ 0–31 ಕೊಟ್ಟು, ಆಮೇಲೆ ಅತಿಥಿಗಳಿಗೆ 32ರಿಂದ /25 ಕೊಡಲು ಹೊರಡಿ. ಆಗುವುದಿಲ್ಲ. /25 ಶುರುವಾಗುವುದು 0 ಅಥವಾ 128ರಲ್ಲಿ ಮಾತ್ರ. ಯಾಕೆ ಅಂತ ಬೈನರಿಯಲ್ಲಿ ಬರೆದು ನೋಡಿ. ಆನ್‌ಲೈನ್ ಕ್ಯಾಲ್ಕುಲೇಟರ್ ಇದೆ, ಗೊತ್ತು. ಉತ್ತರ ತಾಳೆ ನೋಡಲು ಮಾತ್ರ ಅದನ್ನು ತೆರೆಯಿರಿ.

ಕೆಳಗಿನಿಂದ ಮೇಲಕ್ಕೆ

ಜೂನ್, ಜುಲೈನಲ್ಲಿ ಇಲ್ಲಿ ನೆಟ್ ಹೋಗುವುದಕ್ಕೆ ದೊಡ್ಡ ಕಾರಣ ಬೇಡ. ಸಿಲ್ವರ್ ಓಕ್‌ನ ಒಂದು ಕೊಂಬೆ ಮುರಿದು ಫೈಬರ್ ಮೇಲೆ ಬಿದ್ದರೆ ಸಾಕು. ಬೈಯುತ್ತಾ ಕೂರುವ ಬದಲು ಪಾಠ ಮಾಡಿಕೊಳ್ಳಿ. ಮನೆಯ ಫೈಬರ್ ಬಾಕ್ಸ್ ನೋಡಿ. ಎಲ್‌ಓಎಸ್ (ಲಾಸ್) ಅಂತ ಬರೆದ ದೀಪ ಕೆಂಪಾಗಿದ್ದರೆ ಗಾಜಿನ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ. ಇದು ಒಂದನೇ ಲೇಯರ್. ರೂಟರ್ ಆಫ್ ಆನ್ ಮಾಡಿ ಪ್ರಯೋಜನವಿಲ್ಲ, ಲೈನ್‌ಮ್ಯಾನ್ ಬರಬೇಕು. ಕೆಲವು ಬಾಕ್ಸ್‌ಗಳ ಸ್ಟೇಟಸ್ ಪೇಜ್‌ನಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂನಲ್ಲಿ ತೋರಿಸುತ್ತಾರೆ. ಮೈನಸ್ 20ರ ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 27 ದಾಟಿ ಕೆಳಗಿಳಿದರೆ ಲಿಂಕ್ ಬಿಟ್ಟು ಬಿಟ್ಟು ಬರಲು ಶುರು.

ದೀಪ ಸರಿ ಇದ್ದರೆ ಐಪಿ ಬಂದಿದೆಯಾ ನೋಡಿ. ಬಂದಿದ್ದರೆ ಗೇಟ್‌ವೇಗೆ ಪಿಂಗ್ ಮಾಡಿ, ಅಂದರೆ "ಇದ್ದೀಯಾ?" ಅಂತ ಕೇಳಿ ಉತ್ತರ ಬರುತ್ತದಾ ನೋಡಿ. ಅದು ಹೋದರೆ ಹೊರಗಿರುವ ಗೂಗಲ್‌ನ ಸರ್ವರ್ 8.8.8.8ಕ್ಕೆ ಪಿಂಗ್. ಅದೂ ಹೋದರೆ ಹೆಸರಿನಿಂದ ಪಿಂಗ್. ಯಾವ ಮೆಟ್ಟಿಲಲ್ಲಿ ಉತ್ತರ ನಿಂತಿತೋ ತೊಂದರೆ ಅಲ್ಲಿದೆ. ಲ್ಯಾಬ್‌ನಲ್ಲಿ ಒಬ್ಬಳು ಹುಡುಗಿ ಕರೆದಳು.

"ಮೇಡಂ, ಪಿಂಗ್ ಹೋಗ್ತಾ ಇದೆ. ಪೇಜ್ ಮಾತ್ರ ಓಪನ್ ಆಗ್ತಾ ಇಲ್ಲ."

"ಯಾವುದಕ್ಕೆ ಪಿಂಗ್ ಮಾಡಿದೆ? ಹೆಸರಿಗಾ, ನಂಬರಿಗಾ?"

"ನಂಬರಿಗೆ."

"ಹೆಸರಿಗೆ ಮಾಡು ನೋಡೋಣ."

ಹೋಗಲಿಲ್ಲ. "ಎನ್‌ಎಸ್‌ಲುಕಪ್" ಹೊಡೆದು ನೋಡಿದಳು, ಡಿಎನ್‌ಎಸ್ ಸರ್ವರ್‌ನಿಂದ ಉತ್ತರವೇ ಇಲ್ಲ. ನೋಟ್ಸ್‌ನಲ್ಲಿ ಡಿಎನ್‌ಎಸ್ 1983ರಲ್ಲಿ ಬಂತು, ಪೋರ್ಟ್ 53 ಅಂತೆಲ್ಲ ಅವಳೇ ಬರೆದಿದ್ದಳು. ಅದು ಯಾವ ಕೆಲಸಕ್ಕೆ ಅಂತ ಆವತ್ತು ಗೊತ್ತಾಯಿತು. ಒಂದು ಮಾತು: ಕೆಲವು ಕ್ಯಾಂಪಸ್‌ಗಳಲ್ಲಿ ಪಿಂಗ್‌ಗೆ ಉತ್ತರ ಕೊಡದಂತೆ ಬ್ಲಾಕ್ ಮಾಡಿರುತ್ತಾರೆ. ಪಿಂಗ್ ಬರಲಿಲ್ಲ ಎಂದ ಮಾತ್ರಕ್ಕೆ ಆ ಡಿವೈಸ್ ಸತ್ತಿದೆ ಅಂತಲ್ಲ.

ದಾರಿ ಹುಡುಕುವುದು

"ಟ್ರೇಸ್‌ಆರ್‌ಟಿ" ಕಮಾಂಡ್ ಕೊಟ್ಟು ಮುಂದೆ ಯಾವುದಾದರೂ ಸೈಟ್‌ನ ಹೆಸರು ಹಾಕಿ. ಒಂದೊಂದೇ ಹಾಪ್ ಕಾಣಿಸುತ್ತದೆ. ಇದರ ಉಪಾಯ ಚೆನ್ನಾಗಿದೆ. ಪ್ರತಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಅಂತ ಒಂದು ನಂಬರ್ ಇರುತ್ತದೆ, ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಬಿಸಾಡಿ "ಟೈಮ್ ಮುಗಿಯಿತು" ಅಂತ ಕಳಿಸಿದವರಿಗೆ ಹೇಳುತ್ತದೆ. ಮೊದಲು 1, ಆಮೇಲೆ 2, ಆಮೇಲೆ 3 ಅಂತ ಟಿಟಿಎಲ್ ಇಟ್ಟು ಕಳಿಸಿದರೆ ದಾರಿಯ ರೂಟರ್‌ಗಳೆಲ್ಲ ತಮ್ಮ ವಿಳಾಸ ತಾವೇ ಬಿಟ್ಟುಕೊಡುತ್ತವೆ. ನಡುವೆ ನಕ್ಷತ್ರ ಗುರುತು ಬಂದರೆ ಲೈನ್ ಕಟ್ ಆಗಿದೆ ಅಂತ ಓಡಬೇಡಿ. ಆ ರೂಟರ್ ಉತ್ತರ ಕೊಡುವುದಿಲ್ಲ, ಅಷ್ಟೇ. ಅದರ ಮುಂದಿನ ಹಾಪ್ ಕಾಣಿಸಿದರೆ ದಾರಿ ಸರಿಯಾಗಿಯೇ ಇದೆ.

ಮಿಲಿಸೆಕೆಂಡ್ ಲೆಕ್ಕವನ್ನೂ ಮಾಡಿ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮಡಿಕೇರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್. ಹೋಗಿ ಬರಲು 3 ಮಿಲಿಸೆಕೆಂಡ್ ಕೂಡ ಬೇಡ. ನಿಮ್ಮ ಸ್ಕ್ರೀನ್ ಮೇಲೆ ಅದಕ್ಕಿಂತ ಎಷ್ಟೋ ಜಾಸ್ತಿ ಬಂದಿರುತ್ತದೆ. ಉಳಿದ ಸಮಯ ಎಲ್ಲಿ ಹೋಯಿತು? ಸುತ್ತುದಾರಿಯ ಫೈಬರ್, ರೂಟರ್‌ನಲ್ಲಿ ಕ್ಯೂ, ನಿಮ್ಮದೇ ವೈಫೈನ ಗಲಾಟೆ. ಲ್ಯಾನ್ ವೈರ್ ಹಾಕಿ ಮತ್ತೆ ಅಳೆದರೆ ವೈಫೈನ ಪಾಲು ಎಷ್ಟು ಅಂತ ತಿಳಿಯುತ್ತದೆ. ಡಿಲೇಯಲ್ಲಿ ನಾಲ್ಕು ವಿಧ ಅಂತ ಪಠ್ಯದಲ್ಲಿ ಬರುತ್ತದಲ್ಲ, ಅದು ಇದೇ.

ರೂಟಿಂಗ್ ಆಲ್ಗಾರಿದಂ ಓದುವಾಗ ನಮ್ಮ ಜಿಲ್ಲೆಯ ರಸ್ತೆಗಳನ್ನೇ ಬರೆದುಕೊಳ್ಳಿ. ಮಡಿಕೇರಿ, ಕುಶಾಲನಗರ, ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪ, ಭಾಗಮಂಡಲ, ಸಂಪಾಜೆ. ಕಿಲೋಮೀಟರ್ ನೀವೇ ಹಾಕಿ, ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಲೆಕ್ಕವನ್ನು ಮಡಿಕೇರಿಯಿಂದ ಬಿಡಿಸಿ. ಆಮೇಲೆ 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು. ಮಂಗಳೂರು ಕಡೆ ಹೋಗುವವರು ಭಾಗಮಂಡಲ, ಕರಿಕೆ ದಾರಿಯಲ್ಲಿ ಸುತ್ತಿ ಹೋದರು. ನಿಮ್ಮ ಚಿತ್ರದಲ್ಲೂ ಆ ಗೆರೆ ಅಳಿಸಿ ಮತ್ತೆ ಲೆಕ್ಕ ಮಾಡಿ. ರೂಟರ್‌ಗಳು ದಾರಿ ಹುಡುಕಲು ಬಳಸುವ ಓಎಸ್‌ಪಿಎಫ್ ಎನ್ನುವ ಪ್ರೋಟೊಕಾಲ್ ಮಾಡುವುದು ಇದನ್ನೇ. ಲಿಂಕ್ ಬಿದ್ದ ಸುದ್ದಿ ಎಲ್ಲ ರೂಟರ್‌ಗೂ ಹೋಗುತ್ತದೆ, ಪ್ರತಿಯೊಂದೂ ತನ್ನ ನಕ್ಷೆ ತಿದ್ದಿಕೊಂಡು ಹೊಸ ದಾರಿ ಲೆಕ್ಕ ಹಾಕುತ್ತದೆ. ಸುದ್ದಿ ಮುಟ್ಟುವ ಮೊದಲು ಹಳೆಯ ದಾರಿಯಲ್ಲೇ ಹೊರಟವರ ಪಾಡು ಏನು ಅಂತಲೂ ಯೋಚಿಸಿ. ಕನ್ವರ್ಜೆನ್ಸ್ (ಎಲ್ಲ ರೂಟರ್‌ಗಳ ನಕ್ಷೆ ಮತ್ತೆ ಒಂದೇ ಆಗುವುದು) ಬಗ್ಗೆ ಕೇಳಿದರೆ ಉತ್ತರ ಬರೆಯಲು ಅಷ್ಟು ಸಾಕು.

ವೈರ್‌ಶಾರ್ಕ್

ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಸಾಫ್ಟ್‌ವೇರ್ ಇದು. ಉಚಿತ. ಹಾಕಿಕೊಳ್ಳಿ. ಮೊದಲ ಸಲ ತೆರೆದರೆ ಸಾಲುಗಳು ಹೊಳೆಯಂತೆ ಓಡುತ್ತವೆ, ಕಣ್ಣು ಕತ್ತಲಾಗುತ್ತದೆ. ಫಿಲ್ಟರ್ ಹಾಕದೆ ನೋಡಬೇಡಿ. "ಡಿಎಚ್‌ಸಿಪಿ" ಅಂತ ಫಿಲ್ಟರ್ ಕೊಟ್ಟು, ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್‌ಫಿಗ್‌ನ ರಿಲೀಸ್, ರಿನ್ಯೂ ಎರಡನ್ನೂ ಮಾಡಿ. ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್, ನಾಲ್ಕು ಸಾಲು ಸಾಲಾಗಿ ಬರುತ್ತವೆ. ಆಫರ್ ಸಾಲು ಬಿಡಿಸಿ ನೋಡಿದರೆ ರೂಟರ್ ಕೊಡುತ್ತಿರುವ ಐಪಿ, ಮಾಸ್ಕ್, ಗೇಟ್‌ವೇ ಎಲ್ಲ ಅಲ್ಲಿರುತ್ತದೆ. ನೋಟ್‌ಬುಕ್‌ನಲ್ಲಿ ಬರೆದುಕೊಂಡ ಅದೇ ನಂಬರ್‌ಗಳು.

ಮುಂದೆ ಟಿಸಿಪಿ ಕನೆಕ್ಷನ್ ಶುರುವಾಗುವ ಮೂರು ಹೆಜ್ಜೆ. ಸಿನ್, ಸಿನ್ ಆ್ಯಕ್, ಆ್ಯಕ್. ಇಲ್ಲಿ ಹುಡುಗರು ಸಿಕ್ಕಿಹಾಕಿಕೊಳ್ಳುವ ಒಂದು ಜಾಗವಿದೆ. ಕ್ರೋಮ್‌ನಲ್ಲಿ ದೊಡ್ಡ ಸೈಟ್ ತೆರೆದು ಟಿಸಿಪಿ ಹುಡುಕಿದರೆ ಎಷ್ಟೋ ಸಲ ಅದು ಇರುವುದೇ ಇಲ್ಲ. ಎಲ್ಲ ಯುಡಿಪಿ, ಪೋರ್ಟ್ 443. ಅದು ಕ್ವಿಕ್ ಎನ್ನುವ ಹೊಸ ಪ್ರೋಟೊಕಾಲ್, 2021ರಲ್ಲಿ ಸ್ಟ್ಯಾಂಡರ್ಡ್ ಆಯಿತು. ಪಠ್ಯ ತಪ್ಪಲ್ಲ, ನಿಮ್ಮ ಕಣ್ಣೂ ತಪ್ಪಲ್ಲ. ಟಿಸಿಪಿಯನ್ನೇ ನೋಡಬೇಕಾದರೆ ಕಮಾಂಡ್ ಪ್ರಾಂಪ್ಟ್‌ನಿಂದ "ಕರ್ಲ್" ಬಳಸಿ ಎಚ್‌ಟಿಟಿಪಿಎಸ್ ಪೇಜ್ ತರಿಸಿ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಅದು ಮೊದಲೇ ಇರುತ್ತದೆ. ಮೊದಲು ಡಿಎನ್‌ಎಸ್ ಪ್ರಶ್ನೆ, ಆಮೇಲೆ ಮೂರು ಹೆಜ್ಜೆ, ಆಮೇಲೆ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್. ಅಲ್ಲಿಂದ ಮುಂದೆ ಒಳಗಿನದು ಓದಲು ಆಗುವುದಿಲ್ಲ. ಪಾಸ್‌ವರ್ಡ್ ಕಾಣಿಸುತ್ತದಾ ಅಂತ ಕೇಳುವವರು ಯಾವಾಗಲೂ ಒಬ್ಬರು ಇದ್ದೇ ಇರುತ್ತಾರೆ. ನಿಮ್ಮ ಸ್ವಂತ ಟ್ರಾಫಿಕ್ ಮಾತ್ರ ಹಿಡಿಯಿರಿ. ಹಾಸ್ಟೆಲ್ ಗೆಳೆಯರದ್ದನ್ನು ಹಿಡಿಯುವುದು ತಮಾಷೆಯಲ್ಲ, ಐಟಿ ಕಾಯ್ದೆಯ ಕೆಳಗೆ ಬರುತ್ತದೆ.

ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ರಿಜಿಸ್ಟರ್ ಆದರೆ ಉಚಿತವಾಗಿ ಸಿಗುತ್ತದೆ. ಆ ರೆಸಾರ್ಟ್‌ನ ಮೂರು ಸಬ್‌ನೆಟ್ ಅದರಲ್ಲಿ ಕಟ್ಟಿ, ಒಂದೇ ಸ್ವಿಚ್‌ನಲ್ಲಿ ಅವನ್ನು ಬೇರೆ ಬೇರೆ ಇಡುವ ವಿಲ್ಯಾನ್ ಹಾಕಿ. ಆಮೇಲೆ ಗೆಳೆಯರ ಕೈಗೆ ಕೊಟ್ಟು, ಒಂದು ಕಡೆ ಕೆಡಿಸಲು ಹೇಳಿ. ಎಲ್ಲಿ ಕೆಡಿಸಿದ್ದಾರೆ ಅಂತ ನೀವು ಹುಡುಕಿ. ಕಟ್ಟುವುದಕ್ಕಿಂತ ಹುಡುಕುವಾಗ ಕಲಿಯುವುದು ಹೆಚ್ಚು.

ಕೈ ಕೆಲಸ

ಲ್ಯಾನ್ ವೈರ್‌ಗೆ ಕನೆಕ್ಟರ್ ಒತ್ತುವುದನ್ನು ಒಮ್ಮೆಯಾದರೂ ಮಾಡಿ. ಬಣ್ಣದ ಕ್ರಮ ಹೀಗೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬಂದು ಕೂರುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ. ಎಳೆಗಳ ತಿರುಚನ್ನು ಬೇಕಾದ್ದಕ್ಕಿಂತ ಜಾಸ್ತಿ ಬಿಚ್ಚಬೇಡಿ. ಹೊರಗಿನ ಸಿಪ್ಪೆ ಕನೆಕ್ಟರ್‌ನ ಒಳಗೆ ಹೋಗಿ ಕಚ್ಚಿಕೊಳ್ಳಬೇಕು. ಹಾಗೆ ಮಾಡದಿದ್ದರೆ ನಾಲ್ಕು ಸಲ ಎಳೆದಾಡುವಷ್ಟರಲ್ಲಿ ಲೂಸ್. ಉದ್ದ 100 ಮೀಟರ್ ದಾಟಬಾರದು.

ತೋಟದಲ್ಲಿ ಮನೆಯಿಂದ ಆಫೀಸಿಗೆ, ಗೋದಾಮಿಗೆ ಈ ತಾಮ್ರದ ವೈರ್ ಎಳೆಯಲು ಕೇಳುತ್ತಾರೆ. ದೂರ 100 ಮೀಟರ್ ಒಳಗಿದ್ದರೂ ನಾನು ಒಪ್ಪುವುದಿಲ್ಲ. ಏಪ್ರಿಲ್, ಮೇಯಲ್ಲಿ ಸಿಡಿಲು ಹೊಡೆದರೆ ಆ ವೈರ್ ಹಿಡಿದುಕೊಂಡೇ ಎರಡೂ ಕಡೆಯ ಸ್ವಿಚ್‌ಗೆ ಕರೆಂಟ್ ನುಗ್ಗುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಇಡಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಫೈಬರ್ ಕೊಳ್ಳುವಾಗ ಒಳಗೆ ಲೋಹದ ತಂತಿ ಇಲ್ಲದ್ದನ್ನೇ ಕೇಳಿ ತನ್ನಿ.

ಪರೀಕ್ಷೆ ಹತ್ತಿರ ಬಂದಾಗ ಸಿಆರ್‌ಸಿ, ಸ್ಲೈಡಿಂಗ್ ವಿಂಡೋ, ಸಬ್‌ನೆಟ್ ಲೆಕ್ಕಗಳನ್ನು ಕೈಯಲ್ಲೇ ಬಿಡಿಸಿ. ಓದಿದರೆ ಬರುವುದಿಲ್ಲ. ಕ್ಲಾಸಿನಲ್ಲಿ ತಪ್ಪಿಹೋದ ಪಾಠಕ್ಕೆ ಎನ್‌ಪಿಟಿಇಎಲ್ ವಿಡಿಯೊಗಳಿವೆ, ನೆಟ್ ಚೆನ್ನಾಗಿರುವ ದಿನ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ವೈವಾಗೆ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ. "ಡಿಎಚ್‌ಸಿಪಿ ಎಂದರೇನು?" ಅಂತ ಕೇಳಿದರೆ ವ್ಯಾಖ್ಯೆ ಹೇಳಿ, ಜೊತೆಗೆ ನಿಮ್ಮ ಮನೆಯ ರೂಟರ್ ಕೊಟ್ಟ ಆಫರ್‌ನಲ್ಲಿ ಏನೇನಿತ್ತು ಅಂತಲೂ ಹೇಳಿ. ಕೇಳಿದವರು ಅಲ್ಲಿಂದ ಮುಂದಿನ ಪ್ರಶ್ನೆಯನ್ನು ನೀವು ನೋಡಿದ್ದರ ಮೇಲೆಯೇ ಕೇಳುತ್ತಾರೆ.